ನಾಗರವೆಂದು ಏಟು ತಿನ್ನುವ ಕೇರೆ: ಗದ್ದೆ ಬದುವಿನ ಹಾವಿನ ಬದುಕು

ಮುಂಗಾರಿನ ಮೊದಲ ಮಳೆ ಬಿದ್ದ ವಾರದಲ್ಲೇ ಊರ ವಾಟ್ಸಾಪ್ ಗುಂಪುಗಳಲ್ಲಿ ಹಾವಿನ ಫೋಟೊಗಳು ಓಡಾಡತೊಡಗುತ್ತವೆ. ಕೊಟ್ಟಿಗೆಯಲ್ಲಿ ಕಂಡದ್ದು, ಸೌದೆ ರಾಶಿಯಿಂದ ಹೊರಬಿದ್ದದ್ದು, ಸ್ಕೂಟರಿನ ಸೀಟಿನಡಿ ಹೊಕ್ಕದ್ದು. ಫೋಟೊದ ಕೆಳಗೆ ಯಾವಾಗಲೂ ಒಂದೇ ಪ್ರಶ್ನೆ: "ಇದ್ಯಾವ ಹಾವು, ವಿಷದ್ದಾ?" ಬಲ್ಲವರು ಯಾರೋ ಉತ್ತರ ಬರೆಯುವಷ್ಟರಲ್ಲಿ ಎಷ್ಟೋ ಸಲ ಹಾವಿನ ಕಥೆ ಮುಗಿದಿರುತ್ತದೆ. ಹಾಗೆ ದೊಣ್ಣೆಗೆ ಸಿಕ್ಕ ಉದ್ದನೆಯ ಕಂದು ಹಾವುಗಳಲ್ಲಿ ಅನೇಕವು ಕೇರೆಗಳು.

ಹಾವಿನ ಭಯಕ್ಕೆ ಕಾರಣ ಇಲ್ಲದಿಲ್ಲ. 2000ದಿಂದ 2019ರವರೆಗೆ ಭಾರತದಲ್ಲಿ ವರ್ಷಕ್ಕೆ ಸರಾಸರಿ 58,000 ಜನ ಹಾವು ಕಡಿದು ಸತ್ತಿದ್ದಾರೆ ಎಂಬುದು 2020ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜು. ಕರ್ನಾಟಕ ಸರ್ಕಾರ 2024ರ ಫೆಬ್ರುವರಿಯಲ್ಲಿ ಹಾವು ಕಡಿತವನ್ನು ಆಸ್ಪತ್ರೆಗಳು ಕಡ್ಡಾಯವಾಗಿ ವರದಿ ಮಾಡಬೇಕಾದ ಪ್ರಕರಣಗಳ ಪಟ್ಟಿಗೆ ಸೇರಿಸಿತು. ಅಂದಿನಿಂದ ಹಾವಿನ ಸುದ್ದಿ ಹೆಚ್ಚಿದೆ, ಸುದ್ದಿಯ ಜೊತೆ ಗಾಬರಿಯೂ ಹೆಚ್ಚಿದೆ. ಆದರೆ ಆ ಸಾವುಗಳ ಬಹುಪಾಲು ನಾಲ್ಕು ಹಾವುಗಳ ಲೆಕ್ಕಕ್ಕೆ ಹೋಗುತ್ತದೆ: ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ. ಕೇರೆ ಆ ಪಟ್ಟಿಯಲ್ಲೂ ಇಲ್ಲ, ಅದರ ಹತ್ತಿರದಲ್ಲೂ ಇಲ್ಲ.

ಕೇರೆಯ ಬಗ್ಗೆ ನಮ್ಮ ಹಳ್ಳಿಗಳಲ್ಲಿ ಕಥೆಗಳಿಗೆ ಬರವಿಲ್ಲ. ಬಾಲದಲ್ಲಿ ವಿಷ ಇದೆ, ಹಸುವಿನ ಕಾಲು ಕಟ್ಟಿ ಹಾಲು ಕುಡಿಯುತ್ತದೆ, ನಾಗರಹಾವಿನ ಜೊತೆ ಕೂಡುತ್ತದೆ. ಇವನ್ನೆಲ್ಲ ಮೂಢನಂಬಿಕೆ ಎಂದು ಬದಿಗೆ ತಳ್ಳುವುದು ಸುಲಭ. ಆದರೆ ಒಂದೊಂದು ಕಥೆಯ ಹಿಂದೆಯೂ ಯಾರೋ ಕಣ್ಣಾರೆ ಕಂಡ ಒಂದು ನಡವಳಿಕೆ ಇದೆ. ಕಂಡದ್ದು ನಿಜ, ಅದಕ್ಕೆ ಕೊಟ್ಟ ಅರ್ಥ ತಪ್ಪು. ಆ ನಡವಳಿಕೆಗಳನ್ನು ಹಿಡಿದು ಹೊರಟರೆ ಈ ಹಾವಿನ ಇಡೀ ಬದುಕೇ ಬಿಚ್ಚಿಕೊಳ್ಳುತ್ತದೆ.

ಯಾವುದು ಈ ಹಾವು

ವಿಜ್ಞಾನಿಗಳು ಇದನ್ನು ಟ್ಯಾಸ್ ಮ್ಯುಕೋಸಾ ಎನ್ನುತ್ತಾರೆ. ಸ್ವೀಡನ್ನಿನ ಲಿನೇಯಸ್ 1758ರಲ್ಲೇ ಇದನ್ನು ವರ್ಣಿಸಿದ್ದ. ಉತ್ತರ ಭಾರತದವರಿಗೆ ಇದು ಧಾಮನ್. ಇರಾನ್, ಅಫ್ಘಾನಿಸ್ತಾನದ ಕಡೆಯಿಂದ ಹಿಡಿದು ಇಡೀ ಭಾರತ, ಶ್ರೀಲಂಕಾ, ಮ್ಯಾನ್ಮಾರ್, ದಕ್ಷಿಣ ಚೀನಾ, ಇಂಡೋನೇಷ್ಯಾದ ಜಾವಾವರೆಗೆ ಹಬ್ಬಿದೆ. ಇಷ್ಟು ವಿಸ್ತಾರದಲ್ಲಿ ಬಾಳುವ ಪ್ರಾಣಿಗೆ ಊಟ, ಜಾಗಗಳ ವಿಷಯದಲ್ಲಿ ಹಟವಿರುವುದಿಲ್ಲ. ಗದ್ದೆ, ಅಡಿಕೆ ತೋಟ, ಕುರುಚಲು ಕಾಡು, ಕೆರೆ ಏರಿ, ಬೆಂಗಳೂರಿನ ಖಾಲಿ ಸೈಟು, ಎಲ್ಲವೂ ಆದೀತು. ಇರುಳು ತಂಗಲು ಇಲಿ ಬಿಲವೋ ಹುತ್ತವೋ ಸಿಕ್ಕರೆ ಸಾಕು.

ಬೆಳೆದ ಕೇರೆ ಸಾಮಾನ್ಯವಾಗಿ 5ರಿಂದ 7 ಅಡಿ ಇರುತ್ತದೆ. 10 ಅಡಿ ಮೀರಿದವುಗಳ ದಾಖಲೆಯೂ ಇದೆ, ಅಪರೂಪಕ್ಕೆ. ಬಣ್ಣ ಇಂಥದ್ದೇ ಎಂದು ಹೇಳಲಾಗದು. ಒಣಭೂಮಿಯಲ್ಲಿ ಹಳದಿ ಮಿಶ್ರಿತ ಕಂದು ಕಾಣಬಹುದು, ಮಲೆನಾಡಿನಲ್ಲಿ ಕಪ್ಪಿಗೆ ಹತ್ತಿರದ್ದು ಸಿಗಬಹುದು, ನಡುವೆ ಪಾಚಿ ಬಣ್ಣದವೂ ಇವೆ. ಬಣ್ಣ ನೋಡಿ ಹಾವು ಗುರುತಿಸುತ್ತೇನೆ ಎಂದು ಹೊರಟವರು ಎಡವುವುದು ಇಲ್ಲೇ.

ಕೇರೆ ಹಗಲಿನ ಹಾವು. ನಾಲ್ಕು ವಿಷದ ಹಾವುಗಳಲ್ಲಿ ಕಟ್ಟುಹಾವು ಪೂರ್ತಿ ರಾತ್ರಿಯದು. ಮಂಡಲಗಳು ಹೆಚ್ಚಾಗಿ ಸಂಜೆಯ ಮೇಲೆ ಹೊರಡುತ್ತವೆ. ನಡುಹಗಲಿನಲ್ಲಿ, ಸುಡುವ ಬಿಸಿಲಿನಲ್ಲಿ, ಬದುವಿನ ಮೇಲೆ ತಲೆಯೆತ್ತಿಕೊಂಡು ಸರ್ರನೆ ಹಾಯುವ ಉದ್ದ ಹಾವು ಕೇರೆಯಾಗಿರುವ ಸಾಧ್ಯತೆಯೇ ಹೆಚ್ಚು. ಓಟದಲ್ಲಿ ಅದರದು ಮಿಂಚಿನ ವೇಗ. ಮರ ಹತ್ತುತ್ತದೆ, ಚೆನ್ನಾಗಿ ಈಜುತ್ತದೆ. ಮನುಷ್ಯನ ಸುಳಿವು ಸಿಕ್ಕರೆ ಮೊದಲು ಮಾಡುವ ಕೆಲಸ ಪರಾರಿಯಾಗುವುದು.

ನಾಗರಹಾವಿನಿಂದ ಬೇರೆ ಮಾಡುವುದು

ಓಡುವ ಹಾವಿನಲ್ಲಿ ಗುರುತು ಹುಡುಕುವುದು ಕಷ್ಟ. ಆದರೆ ದೂರದಲ್ಲೇ ನಿಂತು, ಮೊಬೈಲಿನಲ್ಲಿ ದೊಡ್ಡದು ಮಾಡಿ ನೋಡುವ ಅವಕಾಶ ಸಿಕ್ಕರೆ ಮೂರು ಜಾಗ ಗಮನಿಸಿ.

ಮೊದಲನೆಯದು ಕಣ್ಣು. ಕೇರೆಯ ಕಣ್ಣು ತಲೆಗೆ ಹೋಲಿಸಿದರೆ ಎದ್ದು ಕಾಣುವಷ್ಟು ದೊಡ್ಡದು, ಪಾಪೆ ದುಂಡಗೆ. ಹಗಲು ಬೇಟೆಯಾಡುವ, ನೋಟವನ್ನು ನೆಚ್ಚಿದ ಪ್ರಾಣಿಯ ಕಣ್ಣು ಅದು. ನಾಗರದ ಪಾಪೆಯೂ ದುಂಡಗೇ ಇದೆ, ಆದರೆ ಕಣ್ಣು ಸಣ್ಣದು. 'ಪಾಪೆ ದುಂಡಗಿದ್ದರೆ ವಿಷವಿಲ್ಲ' ಎಂದು ಆಗಾಗ ಫಾರ್ವರ್ಡ್ ಆಗುವ ಸೂತ್ರ ನಮ್ಮ ದೇಶದಲ್ಲಿ ಅಪಾಯಕಾರಿ. ನಾಗರ, ಕಟ್ಟುಹಾವು ಎರಡೂ ಆ ಪರೀಕ್ಷೆಯಲ್ಲಿ ಸಾಧುಗಳಾಗಿ ಪಾಸಾಗಿಬಿಡುತ್ತವೆ.

ಎರಡನೆಯದು ತುಟಿ. ಕೇರೆಯ ಬಾಯಂಚಿನ ಹುರುಪೆಗಳ ನಡುವೆ ಕಪ್ಪು ಗೀರುಗಳಿವೆ, ಪೆನ್ನಿನಲ್ಲಿ ಒಂದೊಂದಾಗಿ ಎಳೆದ ಹಾಗೆ. ಇದು ನಂಬಬಹುದಾದ ಗುರುತು. ಜೊತೆಗೆ ದೇಹದ ಹಿಂಭಾಗದಲ್ಲಿ ಕಪ್ಪು ಅಡ್ಡಪಟ್ಟೆಗಳು ಬಲೆಯಂತೆ ಕಾಣುವುದುಂಟು.

ಮೂರನೆಯದು ಕುತ್ತಿಗೆ, ಗೊಂದಲ ಹುಟ್ಟುವುದೂ ಇಲ್ಲಿಂದಲೇ. ಓಡಲು ದಾರಿ ಸಿಗದೆ ಮೂಲೆಗೆ ಸಿಕ್ಕಿಬಿದ್ದ ಕೇರೆ ದೇಹದ ಮುಂಭಾಗವನ್ನು ಎತ್ತಿ, ಕುತ್ತಿಗೆ ಉಬ್ಬಿಸಿ ನಿಲ್ಲುತ್ತದೆ. ಹೆದರಿದವರ ಕಣ್ಣಿಗೆ ಅದು ಹೆಡೆಯೇ. ವ್ಯತ್ಯಾಸ ಉಬ್ಬುವ ದಿಕ್ಕಿನಲ್ಲಿದೆ. ನಾಗರಹಾವು ಕುತ್ತಿಗೆಯ ಪಕ್ಕೆಲುಬುಗಳನ್ನು ಅಗಲಿಸಿ ಹೆಡೆಯನ್ನು ಎಡಬಲಕ್ಕೆ ಹರಡುತ್ತದೆ. ಕೇರೆಯ ಕುತ್ತಿಗೆ ಎರಡೂ ಬದಿಯಿಂದ ಚಪ್ಪಟೆಯಾಗಿ, ಮೇಲಕ್ಕೂ ಕೆಳಕ್ಕೂ ಉಬ್ಬುತ್ತದೆ; ಪಕ್ಕದಿಂದ ನೋಡಿದರೆ ದಪ್ಪ, ಎದುರಿನಿಂದ ನೋಡಿದರೆ ತೆಳು.

ಇದರ ಜೊತೆ ಒಂದು ಗುರುಗುಟ್ಟುವ ಸದ್ದು. ಸಾಮಾನ್ಯ ಬುಸುಗುಟ್ಟುವಿಕೆಗಿಂತ ತಗ್ಗು ದನಿಯದು, ನಾಯಿ ಗಂಟಲಲ್ಲೇ ಗುರ್ರೆಂದಂತೆ. ಕಾಳಿಂಗ ಸರ್ಪವೂ ಹೀಗೆಯೇ ಗುರುಗುಟ್ಟುತ್ತದೆ. ಈ ದನಿ ಕಾಳಿಂಗದ ಅಣಕವಿರಬಹುದೇ ಎಂಬ ಪ್ರಶ್ನೆಯನ್ನು ಕೇರೆಯ ಉಸಿರ್ನಾಳವನ್ನು ಪರೀಕ್ಷಿಸಿದ ಸಂಶೋಧಕರು ಎತ್ತಿದ್ದಾರೆ. ಬೇರೆ ಆಯುಧವಿಲ್ಲದ ಪ್ರಾಣಿ ಬಲಶಾಲಿಯ ವೇಷ ಹಾಕಿ ವೈರಿಯನ್ನು ಹೆದರಿಸುವುದು ನಿಸರ್ಗದಲ್ಲಿ ಹೊಸತಲ್ಲ. ಕೈಯಲ್ಲಿ ದೊಣ್ಣೆ ಹಿಡಿದ ಮನುಷ್ಯನ ಮುಂದೆ ಮಾತ್ರ ಈ ಉಪಾಯ ಅದಕ್ಕೇ ಮುಳುವಾಗುತ್ತದೆ.

ವಿಷವಿಲ್ಲ ಎಂದರೆ ಏನು

ಹಾವಿನ ವಿಷ ಎಂದರೆ ತಲೆಯ ಬದಿಯ ಗ್ರಂಥಿಯಲ್ಲಿ ತಯಾರಾಗಿ, ಟೊಳ್ಳು ಅಥವಾ ತೋಡುಳ್ಳ ಹಲ್ಲಿನ ಮೂಲಕ ಎದುರಾಳಿಯ ಮೈಯೊಳಗೆ ಇಳಿಯುವ ದ್ರವ. ಕೇರೆಗೆ ಅಂಥ ವಿಷದ ಹಲ್ಲುಗಳಿಲ್ಲ. ಬಾಯ್ತುಂಬ ಇರುವುದು ಹಿಂದಕ್ಕೆ ಬಾಗಿದ ಸಣ್ಣ, ಚೂಪಾದ, ಗಟ್ಟಿ ಹಲ್ಲುಗಳು. ಹಿಡಿದ ಇಲಿ ಜಾರದಿರಲಿ ಎಂಬುದಷ್ಟೇ ಅವುಗಳ ಕೆಲಸ.

ಹಾಗೆಂದು ಕೇರೆ ಕಚ್ಚುವುದಿಲ್ಲ ಎಂದುಕೊಳ್ಳಬೇಡಿ. ಕೈಯಲ್ಲಿ ಹಿಡಿದರೆ ಚೆನ್ನಾಗಿಯೇ ಕಚ್ಚುತ್ತದೆ, ರಕ್ತವೂ ಬರುತ್ತದೆ. ಸೋಪುನೀರಿನಲ್ಲಿ ತೊಳೆದು, ಧನುರ್ವಾಯುವಿನ ಚುಚ್ಚುಮದ್ದು ಹಾಕಿಸಿಕೊಂಡರೆ ಆಯಿತು. ಆದರೆ ಈ ಮಾತು ಕಚ್ಚಿದ್ದು ಕೇರೆಯೇ ಎಂದು ತಿಳಿದವರು ಖಚಿತವಾಗಿ ಗುರುತಿಸಿದಾಗ ಮಾತ್ರ. ಎಳ್ಳಷ್ಟು ಅನುಮಾನವಿದ್ದರೂ ಕಡಿತಕ್ಕೆ ಸಿಕ್ಕ ಕೈಕಾಲನ್ನು ಅಲುಗಾಡಿಸದೆ ನೇರ ಆಸ್ಪತ್ರೆಗೆ ಹೋಗಬೇಕು, 108ಕ್ಕೆ ಕರೆ ಮಾಡಬೇಕು. ಹಗ್ಗ ಬಿಗಿಯುವುದು, ಕೊಯ್ಯುವುದು, ಬಾಯಲ್ಲಿ ಹೀರುವುದು ಯಾವುದೂ ಬೇಡ. ಹಾವನ್ನು ಕೊಂದು ಚೀಲದಲ್ಲಿ ಕೊಂಡೊಯ್ಯುವ ಅಗತ್ಯವೂ ಇಲ್ಲ: ನಮ್ಮ ಆಸ್ಪತ್ರೆಗಳಲ್ಲಿ ಇರುವುದು ಆ ನಾಲ್ಕೂ ಹಾವುಗಳ ವಿಷಕ್ಕೆ ಒಟ್ಟಾಗಿ ತಯಾರಿಸಿದ ಒಂದೇ ಪ್ರತಿವಿಷ.

ಬಾಲದ ವಿಷದ ಕಥೆಗೆ ಬರೋಣ. ಕೇರೆಯ ಬಾಲ ಉದ್ದ, ಇಡೀ ದೇಹದ ಕಾಲುಭಾಗಕ್ಕೂ ಮಿಕ್ಕಿ. ಹಿಡಿದಾಗ, ತುಳಿದಾಗ ಅದು ಬಾಲವನ್ನು ರಪರಪನೆ ಬಡಿಯುತ್ತದೆ. ಬರಿಗಾಲಿಗೆ ಬಿದ್ದರೆ ಉರಿಯದೇ ಇರದು. ಆದರೆ ಬಾಲದಲ್ಲಿ ಮುಳ್ಳಿಲ್ಲ, ಗ್ರಂಥಿಯಿಲ್ಲ. 'ಕೇರೆ ಬಾಲ ತಾಗಿದ ಕಡೆ ಕೊಳೆಯಿತು' ಎಂದು ಯಾರಾದರೂ ಹೇಳಿದರೆ, ಕತ್ತಲಲ್ಲಿ ತಾಗಿದ್ದು ಕೊಳಕುಮಂಡಲದ ಹಲ್ಲೇ ಏನೋ ಎಂದು ಅನುಮಾನ ಪಡಬೇಕು; ಮೈ ಕೊಳೆಸುವುದು ಅದರ ವಿಷದ ಗುಣ.

ಹೊಟ್ಟೆಪಾಡು

ಕೇರೆ ಹಿಡಿದ ಬೇಟೆಯನ್ನು ಹೆಬ್ಬಾವಿನಂತೆ ಸುತ್ತಿ ಹಿಸುಕಿ ಕೊಲ್ಲುವುದಿಲ್ಲ. ಬಾಯಲ್ಲಿ ಕಚ್ಚಿ, ಮೈಭಾರ ಹಾಕಿ ನೆಲಕ್ಕೋ ಬಿಲದ ಗೋಡೆಗೋ ಒತ್ತಿ, ಇನ್ನೂ ಜೀವವಿರುವಾಗಲೇ ನುಂಗತೊಡಗುತ್ತದೆ. ನೋಡುವುದಕ್ಕೆ ಒರಟು ವಿಧಾನ, ಆದರೆ ವೇಗದ್ದು.

ಮರಿಯಾಗಿದ್ದಾಗ ಮುಖ್ಯ ಆಹಾರ ಕಪ್ಪೆ. ಬೆಳೆದಂತೆ ಇಲಿ, ಹೆಗ್ಗಣಗಳು ಪಟ್ಟಿಗೆ ಸೇರುತ್ತವೆ. ಹಲ್ಲಿ, ಓತಿ, ಹಕ್ಕಿ, ಸಣ್ಣ ಹಾವು ಯಾವುದನ್ನೂ ಬಿಡುವುದಿಲ್ಲ. ಕೋಳಿಮರಿಯನ್ನೂ ಹಿಡಿದೀತು. ಕೋಳಿ ಸಾಕಿದವರ ಸಿಟ್ಟಿಗೆ ಕಾರಣ ಇದೆ ಎಂದು ಒಪ್ಪಲೇಬೇಕು.

ಬೆಳೆ ಬೆಳೆಯುವವರಿಗೆ ಮುಖ್ಯವಾದದ್ದು ಇಲಿಯ ಲೆಕ್ಕ. ಇಲಿಯ ಗರ್ಭ ಸುಮಾರು 3 ವಾರ. ಒಂದು ಸೂಲಿಗೆ ಆರೇಳು ಮರಿ ಮಾಮೂಲು. ಆ ಮರಿಗಳು ಎರಡು ಮೂರು ತಿಂಗಳಲ್ಲಿ ತಾವೇ ಮರಿ ಹಾಕುವಷ್ಟಾಗುತ್ತವೆ. ಬೆಕ್ಕು, ಗೂಬೆಗಳು ಇಲಿಯನ್ನು ಹಿಡಿಯುವುದು ಅದು ಬಿಲದಿಂದ ಹೊರಬಂದಾಗ. ಕೇರೆಯ ದೇಹ ಬಿಲದ ಅಳತೆಗೇ ಇದೆ, ಹಾಗಾಗಿ ಅದು ಒಳಗೇ ನುಗ್ಗಿ ಗೂಡಿನಲ್ಲಿರುವ ಮರಿಗಳನ್ನೂ ಮುಗಿಸುತ್ತದೆ. ಭತ್ತದ ತೆನೆ ಕಡಿಯುವ, ಕಣಜಕ್ಕೆ ತೂತು ಕೊರೆಯುವ, ಮೂತ್ರದಿಂದ ಇಲಿಜ್ವರ ಹರಡುವ ಪ್ರಾಣಿಗೆ ಅದರ ಮನೆಯೊಳಗೇ ಹೋಗಿ ಕೈಹಾಕುವ ವೈರಿ ಇದು.

ಹಾಲಿನ ಕಥೆಯ ಮೂಲವೂ ಇಲ್ಲೇ. ಕೊಟ್ಟಿಗೆಯಲ್ಲಿ ಹಿಂಡಿ, ಹುಲ್ಲು, ಬೂಸಾ ಇರುತ್ತದೆ. ಅದಕ್ಕೆ ಇಲಿ ಬರುತ್ತದೆ, ಇಲಿಯ ಹಿಂದೆ ಕೇರೆ ಬರುತ್ತದೆ. ಬೆಳಿಗ್ಗೆ ಹಸುವಿನ ಕಾಲ ಬುಡದಲ್ಲಿ ಹಾವು ಕಂಡ ದಿನವೇ ಹಾಲು ಕಡಿಮೆಯಾದರೆ ಎರಡಕ್ಕೂ ನಂಟು ಕಟ್ಟುವುದು ಸಹಜ. ಆದರೆ ಕೆಚ್ಚಲಿನಿಂದ ಹಾಲು ಚೀಪಲು ಮೆತ್ತನೆಯ ತುಟಿ, ಕೆನ್ನೆ ಬೇಕು. ಹಾವಿಗೆ ಅವೆರಡೂ ಇಲ್ಲ. ಇನ್ನು ಸೂಜಿಯಂಥ ಆ ಹಲ್ಲುಗಳು ಮೊಲೆತೊಟ್ಟಿಗೆ ಊರಿದರೆ ಹಸು ಸುಮ್ಮನೆ ನಿಂತೀತೇ?

ಹೆಣೆದುಕೊಂಡು ಎದ್ದು ನಿಲ್ಲುವ ಜೋಡಿ

ಎರಡು ಉದ್ದನೆಯ ಹಾವುಗಳು ಒಂದಕ್ಕೊಂದು ಹುರಿಯಂತೆ ಹೆಣೆದುಕೊಂಡು, ನೆಲದಿಂದ ಎರಡು ಮೂರಡಿ ಮೇಲೆದ್ದು ತೂಗುವ ವಿಡಿಯೊಗಳನ್ನು ನೀವೂ ನೋಡಿರುತ್ತೀರಿ. 'ಸರ್ಪಗಳ ಮಿಲನ, ಅಪರೂಪದ ದೃಶ್ಯ' ಎಂಬ ತಲೆಬರಹ ಇದ್ದೇ ಇರುತ್ತದೆ. ನೋಡಿದವರು ಮೇಲೆ ಬಿಳಿ ಪಂಚೆ ಹಾಸಿ, ಆಮೇಲೆ ಅದನ್ನು ದೇವರ ಮನೆಯಲ್ಲಿಡುವ ಪದ್ಧತಿಯೂ ಕೆಲವೆಡೆ ಉಂಟು. ಒಂದು ನಾಗರ, ಇನ್ನೊಂದು ಕೇರೆ ಎಂಬ ವಿವರಣೆ ಹಳೆಯದು.

ಇಂಥ ವಿಡಿಯೊಗಳಲ್ಲಿ ಸಾಮಾನ್ಯವಾಗಿ ಇರುವುದು ಎರಡು ಗಂಡು ಕೇರೆಗಳು, ಮತ್ತು ಅವು ಮಾಡುತ್ತಿರುವುದು ಕುಸ್ತಿ. ಹೆಣ್ಣೊಂದು ಆಸುಪಾಸಿನಲ್ಲಿದ್ದಾಗ, ಕೂಡುವ ಕಾಲದಲ್ಲಿ, ಎದುರಾಳಿಯ ತಲೆಯನ್ನು ನೆಲಕ್ಕೆ ಒತ್ತಿ ಹಿಡಿಯಲು ಎರಡೂ ಹೆಣಗಾಡುತ್ತವೆ. ಒಂದು ಕೆಳಗೆ ಬೀಳುತ್ತದೆ, ಮತ್ತೆ ಹೆಣೆದುಕೊಂಡು ಏಳುತ್ತದೆ. ಸಾಮಾನ್ಯವಾಗಿ ಕಚ್ಚಾಟವಿಲ್ಲ. ಬಲ ಯಾರದೆಂದು ಗೊತ್ತಾದ ಮೇಲೆ ಸೋತದ್ದು ಜಾಗ ಖಾಲಿ ಮಾಡುತ್ತದೆ. ಗಾಯಗೊಂಡರೆ ಇಬ್ಬರಿಗೂ ನಷ್ಟ, ಆದ್ದರಿಂದ ಬಲಾಬಲವನ್ನು ಅಳೆದುಕೊಂಡು ಮುಗಿಸುವ ರೀತಿ ಅದು. ನಿಜವಾದ ಕೂಡುವಿಕೆ ಹೆಚ್ಚಾಗಿ ನೆಲದ ಮೇಲೆಯೇ, ಇಷ್ಟೊಂದು ಆಟಾಟೋಪವಿಲ್ಲದೆ ನಡೆದುಹೋಗುತ್ತದೆ. ಅದನ್ನು ಯಾರೂ ಹಂಚಿಕೊಳ್ಳುವುದಿಲ್ಲ.

ನಾಗರ ಮತ್ತು ಕೇರೆ ಕೂಡಲಾರವು. ಅವು ಒಂದೇ ಜಾತಿಯಲ್ಲ ಎಂಬುದಿರಲಿ, ಬೇರೆ ಬೇರೆ ಕುಟುಂಬಗಳಿಗೇ ಸೇರಿದವು. ನಾಗರ ಎಲಾಪಿಡೇ ಕುಟುಂಬದ್ದು. ಕಾಳಿಂಗ, ಕಟ್ಟುಹಾವುಗಳು ಅದರ ಬಳಗ. ಕೇರೆ ಕೊಲುಬ್ರಿಡೇ ಕುಟುಂಬದ್ದು.

ಮೊಟ್ಟೆಯಿಂದ ಮರಿಗೆ

ಎಲ್ಲ ಹಾವೂ ಮೊಟ್ಟೆಯಿಡುತ್ತದೆ ಎಂದು ಬಹಳ ಜನ ತಿಳಿದಿದ್ದಾರೆ. ಹಾಗೇನಿಲ್ಲ. ಕೊಳಕುಮಂಡಲ, ಹಸಿರುಹಾವು, ಮಣ್ಣುಮುಕ್ಕ ನೇರವಾಗಿ ಮರಿ ಹಾಕುತ್ತವೆ. ನಾಗರ, ಕಟ್ಟುಹಾವು, ಹೆಬ್ಬಾವು, ಕೇರೆ ಮೊಟ್ಟೆಯಿಡುತ್ತವೆ. ಅಂದರೆ ಮೊಟ್ಟೆಗೂ ವಿಷಕ್ಕೂ ಸಂಬಂಧವಿಲ್ಲ. ಎರಡೂ ಗುಂಪಿನಲ್ಲಿ ಎರಡೂ ಬಗೆಯವು ಇವೆ.

ಕೇರೆ ಒಂದು ಸಲಕ್ಕೆ 6ರಿಂದ 15ರ ಆಸುಪಾಸು ಮೊಟ್ಟೆಯಿಡುತ್ತದೆ. ಬಿಳಿ ಬಣ್ಣ, ಉದ್ದನೆಯ ಆಕಾರ. ಕೋಳಿಮೊಟ್ಟೆಯಂತೆ ಪಟ್ಟನೆ ಒಡೆಯುವ ಚಿಪ್ಪಿಲ್ಲ, ತೊಗಲಿನಂಥ ಮೆತ್ತನೆಯ ಹೊದಿಕೆ. ಈ ಹೊದಿಕೆ ಸುತ್ತಲಿನ ಮಣ್ಣಿನಿಂದ ತೇವವನ್ನು ಒಳಗೆ ಬಿಟ್ಟುಕೊಳ್ಳುತ್ತದೆ. ತೀರಾ ಒಣಗಿದ ಜಾಗದಲ್ಲಿ ಮೊಟ್ಟೆ ಸುಕ್ಕುಗಟ್ಟಿ ಹಾಳಾಗುತ್ತದೆ, ನೀರು ನಿಂತರೆ ಬೂಸಲು ಹಿಡಿಯುತ್ತದೆ. ಬೆಚ್ಚಗೆ, ತೇವವಾಗಿ, ಕತ್ತಲಾಗಿ ಇರುವ ಜಾಗ ಬೇಕು. ಹುತ್ತ, ಹಳೆಯ ಇಲಿಬಿಲ, ಪೊಳ್ಳಾದ ಮರದ ಬುಡ ಇದಕ್ಕೆ ಸರಿ. ನಮ್ಮ ಗೊಬ್ಬರದ ಗುಂಡಿ, ಕೊಳೆತ ಸೋಗೆಯ ರಾಶಿಯೂ ಅಷ್ಟೇ ಸರಿ.

ತಾಯಿ ಮೊಟ್ಟೆಗಳ ಸುತ್ತ ಸುರುಳಿ ಸುತ್ತಿ ಮಲಗಿದ್ದನ್ನು ಕಂಡವರಿದ್ದಾರೆ. ಆದರೆ ಹಾವು ತಂಪುರಕ್ತದ ಪ್ರಾಣಿ. ಕೋಳಿಯಂತೆ ಮೈಶಾಖ ಕೊಟ್ಟು ಕಾವು ಕೂರುವುದು ಕೇರೆಯಿಂದ ಆಗದು. ಶಾಖ ಒದಗಿಸುವುದು ಮಣ್ಣು ಮತ್ತು ಕೊಳೆಯುವ ಕಸ. ಸುಮಾರು ಎರಡು ತಿಂಗಳಿಗೆ, ಬಿಸಿಲು ಕಡಿಮೆಯಾದರೆ ಇನ್ನೂ ತಡವಾಗಿ, ಮರಿ ಮೂತಿಯ ತುದಿಯಲ್ಲಿರುವ ಒಂದು ತಾತ್ಕಾಲಿಕ ಹಲ್ಲಿನಿಂದ ಹೊದಿಕೆಯನ್ನು ಸೀಳುತ್ತದೆ. ಆ ಹಲ್ಲು ಕೆಲವೇ ದಿನಗಳಲ್ಲಿ ಉದುರಿಹೋಗುತ್ತದೆ. ಹೊರಬಂದ ಮರಿ ಒಂದಡಿಗೂ ತುಸು ಮಿಕ್ಕು ಉದ್ದ. ಹುಟ್ಟಿದ ಗಳಿಗೆಯಿಂದಲೇ ಸ್ವತಂತ್ರ. ತಾಯಿ ಉಣಿಸುವುದೂ ಇಲ್ಲ, ಕಲಿಸುವುದೂ ಇಲ್ಲ. ಅವುಗಳಲ್ಲಿ ಬಹುಪಾಲು ಕೊಕ್ಕರೆ, ಗಿಡುಗ, ಮುಂಗುಸಿ, ನವಿಲುಗಳ ಪಾಲಾಗುತ್ತವೆ.

ದೊಡ್ಡದಾದ ಮೇಲೂ ನೆಮ್ಮದಿಯಿಲ್ಲ, ಮಲೆನಾಡಿನಲ್ಲಂತೂ. ಕಾಳಿಂಗ ಸರ್ಪದ ಮುಖ್ಯ ಆಹಾರ ಬೇರೆ ಹಾವುಗಳು, ಅವುಗಳಲ್ಲಿ ಕೇರೆ ಅದರ ಮೆಚ್ಚಿನದು. ಪಶ್ಚಿಮ ಘಟ್ಟದ ಕಾಳಿಂಗಕ್ಕೆ 2024ರಲ್ಲಿ ಒಫಿಯೋಫೇಗಸ್ ಕಾಳಿಂಗ ಎಂದು ನಮ್ಮ ಮಾತಿನ ಹೆಸರನ್ನೇ ಇಟ್ಟು ಪ್ರತ್ಯೇಕ ಪ್ರಭೇದವಾಗಿ ಗುರುತಿಸಲಾಯಿತು. ಆಗುಂಬೆಯ ಕಡೆ ಮನೆಯಂಗಳಕ್ಕೆ ಕಾಳಿಂಗ ಬಂದಿತೆಂದರೆ ಅದು ಕೇರೆಯನ್ನು ಅಟ್ಟಿಸಿಕೊಂಡು ಬಂದಿರುವುದು ಉಂಟು. ಕೇರೆ ಬಂದದ್ದು ಇಲಿಗೆ, ಇಲಿ ಬಂದದ್ದು ನಮ್ಮ ಕಣಜಕ್ಕೆ.

ಚರ್ಮದ ವ್ಯಾಪಾರ

ಕೇರೆಗೆ ಬಂದ ಅತಿ ದೊಡ್ಡ ಕುತ್ತು ಹಳ್ಳಿಯ ದೊಣ್ಣೆಯದಲ್ಲ, ಪೇಟೆಯದು. ಉದ್ದನೆಯ, ಅಗಲವಾದ ಚರ್ಮ, ಎಲ್ಲೆಡೆ ಸುಲಭವಾಗಿ ಸಿಗುವ ಹಾವು. ಕಳೆದ ಶತಮಾನದ ನಡುಭಾಗದಲ್ಲಿ ಭಾರತದಿಂದ ಲಕ್ಷಾಂತರ ಹಾವಿನ ಚರ್ಮಗಳು ಕೈಚೀಲ, ಬೆಲ್ಟ್, ಚಪ್ಪಲಿಗಳಾಗಲು ವಿದೇಶಕ್ಕೆ ಹೋದವು. ಕೇರೆಯ ಚರ್ಮ ಅದರಲ್ಲಿ ದೊಡ್ಡ ಪಾಲು. 1972ರಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂತು, 1976ರಲ್ಲಿ ಹಾವಿನ ಚರ್ಮದ ರಫ್ತು ನಿಂತಿತು.

ಆಗ ಕೈ ಖಾಲಿಯಾದದ್ದು ತಮಿಳುನಾಡಿನ ಇರುಳ ಬುಡಕಟ್ಟಿನವರದು. ಹಾವು ಹಿಡಿಯುವುದರಲ್ಲಿ ಅವರನ್ನು ಮೀರಿಸುವವರಿರಲಿಲ್ಲ, ಚರ್ಮದ ವ್ಯಾಪಾರಿಗಳಿಗೆ ಹಾವು ಒದಗಿಸುವುದು ಅವರ ಜೀವನವಾಗಿತ್ತು. ಹಾವು ತಜ್ಞ ರೋಮುಲಸ್ ವಿಟೇಕರ್ ಅವರ ನೆರವಿನೊಂದಿಗೆ 1978ರಲ್ಲಿ ಇರುಳರ ಹಾವು ಹಿಡಿಯುವವರ ಸಹಕಾರ ಸಂಘ ಹುಟ್ಟಿತು. ಅದೇ ಕೌಶಲವನ್ನು ಬಳಸಿ ಆ ನಾಲ್ಕು ವಿಷದ ಹಾವುಗಳನ್ನು ಹಿಡಿದು, ವಿಷ ತೆಗೆದು, ಮತ್ತೆ ಕಾಡಿಗೆ ಬಿಡುವ ಕೆಲಸ. ದೇಶದ ಪ್ರತಿವಿಷ ತಯಾರಿಕೆಗೆ ಬೇಕಾದ ವಿಷದ ದೊಡ್ಡ ಭಾಗ ದಶಕಗಳ ಕಾಲ ಅಲ್ಲಿಂದಲೇ ಬಂದಿದೆ. ಒಂದು ಕಾಲದಲ್ಲಿ ಕೇರೆಯ ಚರ್ಮ ಸುಲಿದ ಕೈಗಳು ಇಂದು ಹಾವು ಕಡಿದವರ ಜೀವ ಉಳಿಸುವ ಔಷಧಿಯ ಮೂಲದಲ್ಲಿವೆ.

ಅಂತರರಾಷ್ಟ್ರೀಯ ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಸೈಟಿಸ್ ಒಪ್ಪಂದದ ಎರಡನೆಯ ಅನುಬಂಧದಲ್ಲೂ ಕೇರೆ ಇದೆ. ನಮ್ಮ ದೇಶದಲ್ಲಿ ಇದನ್ನು ಕೊಲ್ಲುವುದು, ಹಿಡಿದಿಟ್ಟುಕೊಳ್ಳುವುದು, ಮಾರುವುದು ಅಪರಾಧ.

ಅಂಗಳದಲ್ಲಿ ಕಂಡರೆ

ಬಯಲಲ್ಲಿ ಕಂಡ ಕೇರೆಗೆ ಏನೂ ಮಾಡಬೇಕಿಲ್ಲ. ದೂರ ಸರಿದು, ನಾಯಿಯನ್ನು ಕಟ್ಟಿಹಾಕಿ, ದಾರಿ ಬಿಟ್ಟರೆ ತಾನಾಗಿ ಹೋಗುತ್ತದೆ. ಕಣ್ಣು ಹಾಲುಗಟ್ಟಿದಂತೆ ಮಸುಕಾಗಿದ್ದು, ಮೈ ಮಂಕಾಗಿ, ಒಂದೇ ಕಡೆ ಬಿದ್ದುಕೊಂಡಿದ್ದರೆ ಅದು ಪೊರೆ ಬಿಡುವ ಹೊತ್ತು. ಆಗ ಕಣ್ಣು ಸರಿಯಾಗಿ ಕಾಣದು, ಬೇಗ ಕೆರಳುತ್ತದೆ. ಕೆಲವು ದಿನ ಆ ಜಾಗದತ್ತ ಸುಳಿಯದಿರುವುದು ಒಳ್ಳೆಯದು.

ಮನೆಯೊಳಗೆ ಹೊಕ್ಕಿದ್ದರೆ ಅರಣ್ಯ ಇಲಾಖೆಗೋ ತರಬೇತಿ ಪಡೆದ ಹಾವು ರಕ್ಷಕರಿಗೋ ತಿಳಿಸಿ. ಹಿಡಿದದ್ದನ್ನು ಹತ್ತಾರು ಕಿಲೋಮೀಟರ್ ಆಚೆಯ ಕಾಡಿಗೆ ಬಿಡಿ ಎಂದು ಒತ್ತಾಯಿಸಬೇಡಿ. ಆಗುಂಬೆಯಲ್ಲಿ ರೇಡಿಯೊ ಸಾಧನ ಅಳವಡಿಸಿ ಕಾಳಿಂಗಗಳನ್ನು ಹಿಂಬಾಲಿಸಿದಾಗ, ದೂರದ ಅಪರಿಚಿತ ಜಾಗಕ್ಕೆ ಒಯ್ದು ಬಿಟ್ಟ ಹಾವು ನೆಲೆ ಸಿಗದೆ ಅಲೆಯುವುದು ಕಂಡುಬಂದಿತ್ತು. ಬಿಲ, ನೀರು, ಬೇಟೆ ಎಲ್ಲಿದೆ ಎಂಬುದು ಹಾವಿಗೆ ತನ್ನ ಸೀಮೆಯಲ್ಲಿ ಮಾತ್ರ ಗೊತ್ತು. ಅದೂ ಅಲ್ಲದೆ ಇಲಿ ಇರುವ ಅಂಗಳದಿಂದ ಒಂದು ಕೇರೆಯನ್ನು ಒಯ್ದರೆ ತೆರವಾದ ಜಾಗಕ್ಕೆ ಇನ್ನೊಂದು ಹಾವು ಬರುತ್ತದೆ. ಅದು ಕೇರೆಯೇ ಆಗಿರಬೇಕೆಂದಿಲ್ಲ.

ಗೊಬ್ಬರ ತೋಡುವಾಗ ಬಿಳಿಯ ಮೆತ್ತನೆಯ ಮೊಟ್ಟೆಗಳು ಸಿಕ್ಕರೆ ಕೈ ಹಿಂದಕ್ಕೆ ತೆಗೆಯಿರಿ. ಅವು ಕೇರೆಯದೋ ನಾಗರದ್ದೋ ಹೊರಗಿನಿಂದ ಹೇಳುವುದು ಕಷ್ಟ, ತಾಯಿ ಪಕ್ಕದಲ್ಲೇ ಇರಲೂಬಹುದು. ಹಾವಿನ ಮೊಟ್ಟೆಯನ್ನು ಮಗುಚಿದರೆ ಒಳಗಿನ ಭ್ರೂಣ ಸಾಯುವ ಸಾಧ್ಯತೆ ಇದೆ, ಆದ್ದರಿಂದ ಎತ್ತಿ ಬೇರೆಡೆ ಇಡುವ ಉಪಕಾರವೂ ಬೇಡ. ಅದೇ ಗೊಬ್ಬರವನ್ನು ಸಲಿಕೆಯಿಂದ ಮೇಲೆ ಎಳೆದು ಮುಚ್ಚಿ, ರಕ್ಷಕರನ್ನು ಕರೆಸಿ. ಅವಸರವಿದ್ದರೆ ಗುಂಡಿಯ ಇನ್ನೊಂದು ಬದಿಯಿಂದ, ಉದ್ದ ಹಿಡಿಕೆಯ ಸಲಿಕೆಯಲ್ಲಿ, ಹಗಲು ಹೊತ್ತಿನಲ್ಲಿ ತೋಡಿಕೊಳ್ಳಬಹುದು.